ಭೋಜರಾಜನ ಮಿಕ್ಕ ಎಳ್ಳು

ಭೋಜರಾಜನನ್ನು ಬೈಯಬೇಕೆಂದು ಯಾರಾದರೂ ಬಾಯಿ ತೆರೆಯುವಷ್ಟರಲ್ಲಿ ಅವನೇ ತನ್ನನ್ನು ಬೈದುಕೊಂಡು ಮುಗಿಸಿರುತ್ತಿದ್ದ. "ನನ್ನಂಥ ಬೆಪ್ಪುತಕ್ಕಡಿ ಇಡೀ ವೆಸ್ಟ್ ಮಾಂಬಲಂನಲ್ಲಿ ಇನ್ನೊಬ್ಬ ಸಿಕ್ಕಿದ್ರೆ ಹೇಳಿ, ಅವನಿಗೆ ನಾನೇ ಶಾಲು ಹೊದಿಸ್ತೀನಿ" ಎಂದು ತಾನೇ ಮೊದಲು ನಗುತ್ತಿದ್ದ. ಎದುರಿನವರೂ ನಗಲೇಬೇಕಾಗುತ್ತಿತ್ತು. ಒಮ್ಮೆ ನಕ್ಕ ಮೇಲೆ ಬೈಯುವುದು ಹೇಗೆ? ವಿಮಾ ಕಂಪನಿಯಲ್ಲಿ ಡೆವಲಪ್‌ಮೆಂಟ್ ಆಫೀಸರ್ ಆಗಿದ್ದಷ್ಟು ಕಾಲವೂ, ಟಾರ್ಗೆಟ್ ತಪ್ಪಿದಾಗಲೆಲ್ಲ, ಮೇಲಿನವರ ಮುಂದೆ ಈ ವಿದ್ಯೆಯೇ ಅವನನ್ನು ಕಾಪಾಡಿತ್ತು.

ಊರು ಚನ್ನಪಟ್ಟಣದ ಹತ್ತಿರ. ಮದ್ರಾಸಿಗೆ ವರ್ಗವಾದಾಗ, ಒಂದೆರಡು ವರ್ಷ ಉಪ್ಪುನೀರು ಕುಡಿದು ವಾಪಸು ಹೋದರಾಯಿತು ಎಂದುಕೊಂಡು ಬಂದವನು. ಅಷ್ಟರಲ್ಲಿ ಮದುವೆಯಾಗಿ ಅಂಬುಜಾ ಬಂದಳು, ಮಗಳು ಭಾವನಾ ಹುಟ್ಟಿದಳು, ರೈಲ್ವೆ ಸ್ಟೇಷನ್ನಿಗೆ ನಡೆದೇ ಹೋಗಬಹುದಾದ ಒಂದು ಓಣಿಯಲ್ಲಿ ಕೆಳಗಿನ ಅಂತಸ್ತಿನ ಫ್ಲ್ಯಾಟು ಸಿಕ್ಕಿತು. ಮದ್ರಾಸು ಚೆನ್ನೈ ಆಯಿತು, ಅವನ ತಲೆ ನರೆಯಿತು, ಅವನ ತಮಿಳು ಮಾತ್ರ ಸುಧಾರಿಸಲಿಲ್ಲ. ಅವನ ತಮಿಳು ಕೇಳಿದ ಸೊಪ್ಪಿನವಳು ಕನಿಕರದಿಂದ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ಇಷ್ಟು ವರ್ಷದಲ್ಲಿ ಕೆಟ್ಟದ್ದು ಅವನ ಕನ್ನಡ ಒಂದೇ. ಅದನ್ನೂ ಅವನೇ ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದ.

ರಿಟೈರಾದ ಮೇಲೆ ವಾಕಿಂಗ್ ಹೋದ, ಮಂಡಿ ನೋವು ಬಂತು. ಪೇಪರನ್ನು ಪೂರ್ತಿ ಓದತೊಡಗಿದ, ಬಿ.ಪಿ. ಬಂತು. ಕೊನೆಗೆ ಹೆಂಡತಿಯ ಕೈರುಚಿ ನೆನಪಾಯಿತು. ಓಣಿಯ ಕಡೆಗಿದ್ದ ಮುಂದಿನ ಕೋಣೆಯ ಗೋಡೆ ಒಡೆಸಿ, ಒಂದು ಕೌಂಟರ್ ಹಾಕಿಸಿ, 'ಅಂಬುಜಾ ತಿಂಡಿ ಮನೆ' ಎಂದು ಬೋರ್ಡು ಬರೆಸಿದ. ಕೋಡುಬಳೆ, ನಿಪ್ಪಟ್ಟು, ಹುಳಿ ಪುಡಿ, ಚಟ್ನಿ ಪುಡಿ. ಬೋರ್ಡು ಏರಿದ ದಿನ ಅಂಬುಜಾ ಓಣಿಯ ಆಚೆ ಬದಿಗೆ ಹೋಗಿ ನಿಂತು, ತನ್ನ ಹೆಸರನ್ನು ಓದಿ, ಸೆರಗಿನಿಂದ ಮುಖ ಒರೆಸಿಕೊಂಡು, ಮತ್ತೊಮ್ಮೆ ಓದಿದಳು. ಮದುವೆಯ ಲಗ್ನಪತ್ರಿಕೆ ಬಿಟ್ಟರೆ ಅವಳ ಹೆಸರು ಎಲ್ಲೂ ಅಚ್ಚಾಗಿರಲಿಲ್ಲ.

ಅಂಗಡಿಯ ಕೆಲಸ ಹಂಚಿಕೊಂಡದ್ದು ಹೀಗೆ: ಮಾಡುವವಳು ಅಂಬುಜಾ, ಎಷ್ಟು ಮಾಡಬೇಕೆಂದು ಹೇಳುವವನು ಭೋಜರಾಜ. ಎಷ್ಟೆಂದರೆ ಯಾವಾಗಲೂ ಜಾಸ್ತಿ. ಪಾಲಿಸಿ ಮಾರುವಾಗಲೂ ಅಷ್ಟೆ, ನಿಮಗೆ ಎಷ್ಟು ಬೇಕು ಎಂದು ಅವನು ಯಾರನ್ನೂ ಕೇಳಿದವನಲ್ಲ. ನಿಮಗೆ ಇಷ್ಟು ಬೇಕಾಗುತ್ತದೆ ಎಂದು ತಾನೇ ಹೇಳುತ್ತಿದ್ದ.

ಹಾಗಾಗಿ ಆ ವರ್ಷದ ದೀಪಾವಳಿಗೆ ಚಕ್ಕುಲಿ ರಾಶಿ ಬಿತ್ತು. ದೀಪಾವಳಿಗೆ ಚೆನ್ನೈನಲ್ಲಿ ಮಳೆ ಹಿಡಿಯುತ್ತದೆಂಬುದು ಈ ಊರಿನ ಎಮ್ಮೆಗೂ ಗೊತ್ತು. ಭೋಜರಾಜನಿಗೆ ನೆನಪಾದದ್ದು ಚಕ್ಕುಲಿ ಮೆತ್ತಗಾದ ಮೇಲೆ. ಒಂದು ಬೆಳಿಗ್ಗೆ ಅಂಬುಜಾ ಹಾಲು ತರಲು ಹೋದದ್ದನ್ನು ನೋಡಿಕೊಂಡು, ಅವನು ಎಲ್ಲವನ್ನೂ ಕಾರ್ಪೊರೇಷನ್ನಿನ ಕಸದ ಗಾಡಿಗೆ ಸುರಿದ. ತಿರುಗಿದರೆ ಅಂಬುಜಾ ಹಾಲಿನ ಪಾಕೀಟು ಹಿಡಿದು ಹಿಂದೆಯೇ ನಿಂತಿದ್ದಳು.

"ನನ್ನಂಥ ದಡ್ಡ..." ಎಂದು ಅವನು ತನ್ನ ವಿದ್ಯೆ ಪ್ರಯೋಗಿಸಿದ.

ಅಂಬುಜಾ ನಗಲಿಲ್ಲ. "ನೀವು ನಿಮ್ಮನ್ನ ಬೈಕೊಳ್ಳೋದು ಯಾಕೆ ಗೊತ್ತಾ? ಬೇರೆಯವರು ಬೈಯೋಕೆ ಜಾಗವೇ ಇರಬಾರದು ಅಂತ" ಎಂದಳು. "ಇದು ಕೊನೆ, ರೀ. ಇನ್ನೊಂದ್ಸಲ ನಾನು ಮಾಡಿದ್ದು ಕಸದ ಗಾಡಿಗೆ ಹೋದ್ರೆ, ಆವತ್ತೇ ಒಲೆ ಆರಿಸ್ತೀನಿ. ಬೋರ್ಡು ಇಳಿಸ್ಕೊಳ್ಳಿ. ಬಿಸ್ಕತ್ ಪಾಕೀಟು ಮಾರ್ಕೊಂಡು ಕೂತ್ಕೊಳ್ಳಿ."

ಅಂಬುಜಾ ಹೇಳಿದರೆ ಹೇಳಿದ ಹಾಗೆ. ಒಮ್ಮೆ ಅವನ ತಮ್ಮನ ಮನೆಗೆ ಇನ್ನು ಕಾಲಿಡುವುದಿಲ್ಲ ಎಂದಿದ್ದಳು, ತಮ್ಮ ಮೂರು ಮನೆ ಬದಲಾಯಿಸಿದರೂ ಅವಳು ಕಾಲಿಟ್ಟಿರಲಿಲ್ಲ.

ಇಷ್ಟಾದ ಮೇಲೆ ಬುದ್ಧಿ ಬರಬೇಕಿತ್ತು. ಬಂದದ್ದು ಸಂಕ್ರಾಂತಿ.

"ಎಳ್ಳುಬೆಲ್ಲ!" ಎಂದ ಭೋಜರಾಜ, ತಮಿಳರ ಮಾರ್ಗಳಿ, ನಮ್ಮ ಧನುರ್ಮಾಸದ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು. "ನೋಡು, ಅಂಬುಜಾ. ಬ್ಯಾಂಕು, ರೈಲ್ವೆ, ಇನ್ಶೂರೆನ್ಸು, ಐಟಿ, ಎಲ್ಲ ಸೇರಿ ಈ ಊರಲ್ಲಿ ನಮ್ಮವರು ಎಷ್ಟು ಜನ! ಒಂದೊಂದು ಮನೆಯವರೂ ಏನಿಲ್ಲ ಅಂದ್ರೂ ಹತ್ತು ಮನೆಗೆ ಎಳ್ಳು ಬೀರ್ತಾರೆ. ಅಂದ್ರೆ ಮನೆಗೆ ಹತ್ತು ಪ್ಯಾಕೆಟ್ಟು. ಗುಣಿಸು!"

"ಗುಣಿಸೋದು ನೀವು, ಕೊಬ್ಬರಿ ಹೆರೆಯೋದು ನಾನು" ಎಂದಳು ಅಂಬುಜಾ. "ಹತ್ತು ಪ್ಯಾಕೆಟ್ಟು ಬೇಕು ಅಂತ ಯಾರನ್ನಾದ್ರೂ ಕೇಳಿದ್ರಾ?"

"ಕೇಳೋದೇನು, ಕಣೇ? ಎಳ್ಳು ಬೀರದ ಕನ್ನಡದ ಮನೆ ಅಂತ ಇದೆಯಾ? ಅದೂ ಅಲ್ದೆ ಇದು ಮೆತ್ತಗಾಗೋ ಚಕ್ಕುಲಿಯಲ್ಲ."

ಅವನ ಮಾತಿನಲ್ಲಿ ತಪ್ಪು ಹುಡುಕಲು ಅಂಬುಜಾಗೆ ತಕ್ಷಣ ಆಗಲಿಲ್ಲ. ಅದೂ ಅಲ್ಲದೆ, ತನ್ನ ಹೆಸರಿನ ಎಳ್ಳು ಊರಿನ ಎಲ್ಲ ಕನ್ನಡದ ಮನೆಗಳಿಗೂ ಹೋಗುತ್ತದೆಂದರೆ ಅವಳಿಗೂ ಒಳಗೊಳಗೇ ಆಸೆಯಾಯಿತು. ಆಯಿತು ಎಂದಳು.

ಎಳ್ಳುಬೆಲ್ಲ ತಿನ್ನುವವರಿಗೆ ಒಂದು ಹಿಡಿ, ಮಾಡುವವರಿಗೆ ಜನ್ಮವೆಲ್ಲ ಕೆಲಸ. ಕೊಬ್ಬರಿಯ ಬೆನ್ನಿನ ಕಂದು ಸಿಪ್ಪೆ ಹೆರೆದು ಬಿಳಿ ಮಾಡಬೇಕು, ಸಣ್ಣಗೆ ಒಂದೇ ಅಳತೆಗೆ ಹೆಚ್ಚಬೇಕು. ಬೆಲ್ಲದ ಅಚ್ಚನ್ನು ಅಡಕತ್ತರಿಯಲ್ಲಿ ತುಂಡರಿಸಬೇಕು. ಕಡಲೆಬೀಜ ಹುರಿದು, ಸಿಪ್ಪೆ ಉಜ್ಜಿ, ಬೇಳೆ ಮಾಡಬೇಕು. ಎಳ್ಳು ಹುರಿಯುವಾಗ ಕಣ್ಣು ಅತ್ತಿತ್ತ ಹೋಗಬಾರದು. ಮೇಲೆ ಸಕ್ಕರೆ ಅಚ್ಚು: ಆನೆ, ಗಿಳಿ, ಹಸು, ತುಳಸಿಕಟ್ಟೆ. ಹಬ್ಬದ ಹೊತ್ತಿಗೆ ಅಂಬುಜಾಳ ಬಲಗೈ ಮಣಿಕಟ್ಟಿಗೆ ಬ್ಯಾಂಡೇಜು ಬಂದಿತ್ತು. ಇಷ್ಟು ದಿನ ಭೋಜರಾಜನೂ ಸುಮ್ಮನಿರಲಿಲ್ಲ. ಪ್ಯಾಕೆಟ್ಟುಗಳಿಗೆ ಲೇಬಲ್ ಅಂಟಿಸಿದ. 'ಊರಿನ ರುಚಿ, ಮಾಂಬಲಂ ಶುಚಿ' ಎಂಬ ಸಾಲೂ ಅವನದೇ. ಲೇಬಲ್ಲುಗಳೆಲ್ಲ ಒಂದೇ ಕಡೆಗೆ ಸೊಟ್ಟಗಿದ್ದವು, ಅದರಲ್ಲೊಂದು ಶಿಸ್ತಿತ್ತು.

ಹಿಂದಿನ ಕೋಣೆಯಲ್ಲಿ ಪೆಟ್ಟಿಗೆಗಳು ಕಿಟಕಿ ಮುಚ್ಚುವಷ್ಟು ಎತ್ತರಕ್ಕೆ ಏರಿದವು. ಗಿರಾಕಿಗಳೂ ಬಂದರು. ಪಕ್ಕದ ಬೀದಿಯ ರಮಾಬಾಯಿ ಎಲ್ಲರಿಗಿಂತ ಮೊದಲೇ ಬಂದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಕನ್ನಡ ಸಂಘದ ಅರ್ಧ ಮನೆಗಳ ಬಳಕೆ ಅವರಿಗಿತ್ತು.

"ಎಷ್ಟು ಕೊಡ್ಲಿ, ರಮಾಬಾಯಿಯವ್ರೇ? ಹತ್ತಾ, ಹದಿನೈದಾ?" ಎಂದ ಭೋಜರಾಜ ಚೀಲ ಬಿಡಿಸುತ್ತ.

"ಅಯ್ಯೋ, ಒಂದು ಸಾಕು ಭೋಜರಾಜ್ರೇ" ಎಂದರು ರಮಾಬಾಯಿ.

ಅವರ ಹಿಂದೆ ಬಂದವರೂ ಒಂದು ಎಂದರು. ಉದಾರಿಗಳು ಎರಡು ಎಂದರು. ಜನ ಹಬ್ಬದ ಹಿಂದಿನ ದಿನ ಮುಗಿಬೀಳುತ್ತಾರೆ ಎಂದು ಭೋಜರಾಜ ಸಮಾಧಾನ ಮಾಡಿಕೊಂಡ. ಹಬ್ಬದ ಹಿಂದಿನ ದಿನ ಅಂಗಡಿಯ ಮುಂದೆ ಮುಗಿಬಿದ್ದದ್ದು ಎರಡು ನಾಯಿ.

ಸಂಕ್ರಾಂತಿಯ ಬೆಳಿಗ್ಗೆ ಅವನಿಗೆ ಇನ್ನೊಂದು ಹೊಳೆಯಿತು. ಕನ್ನಡದವರೇ ಯಾಕೆ? ಊರಿಗೆ ಊರೇ ತಮಿಳರು. ಒಂದು ಪ್ಯಾಕೆಟ್ಟು ರುಚಿ ನೋಡಿದರೆ ಬಿಡುತ್ತಾರೆಯೇ? ಸ್ನಾನ ಮಾಡಿ, ಪಂಚೆ ಉಟ್ಟು, ಸ್ಯಾಂಪಲ್ ಕೊಟ್ಟು ಬರೋಣವೆಂದು ಮೇಲಿನ ಮನೆಯ ವಿಮಲಾ ಮಾಮಿಯ ಬಾಗಿಲು ತಟ್ಟಿದ. ಒಳಗೆ ಮಾಮಿಯ ಗಂಡ ಆಗ ತಾನೇ ತರ್ಪಣ ಮುಗಿಸಿ ಕೂತಿದ್ದರು, ಬೆರಳಿಗೆ ಅಂಟಿದ ಎಳ್ಳು ಇನ್ನೂ ಹಾಗೇ ಇತ್ತು. ಸತ್ತ ಹಿರಿಯರಿಗೆ ಎಳ್ಳುನೀರು ಬಿಡುವ ದಿನ ಅದು ಅವರಿಗೆ. ಭೋಜರಾಜ ಹಲ್ಲು ಕಿರಿದು, ಎಳ್ಳು ತುಂಬಿದ ಪ್ಯಾಕೆಟ್ಟನ್ನು ಮಾಮಿಯ ಕೈಗೆ ಚಾಚಿದ.

ಮಾಮಿ ಎರಡು ಹೆಜ್ಜೆ ಹಿಂದೆ ಸರಿದರು. "ಅಯ್ಯೋ ಸಾರ್, ಎಳ್ಳಾ! ಕೈಲ ಕುಡುಕ್ಕಾದೀಂಗೋ!"

ಎಳ್ಳನ್ನು ಕೈಯಿಂದ ಕೈಗೆ ಕೊಡಬಾರದು. ಇದು ಭೋಜರಾಜನ ಮನೆಯಲ್ಲೂ ಇದ್ದ ನಂಬಿಕೆಯೇ. ಆದರೆ ಸಂಕ್ರಾಂತಿಯ ಎಳ್ಳುಬೆಲ್ಲ ಬೇರೆ ಲೆಕ್ಕ ಎಂಬುದು ಅವನಿಗೆ ಹುಟ್ಟಿದಾಗಿನಿಂದ ಎಷ್ಟು ಸಹಜವಾಗಿತ್ತೆಂದರೆ, ಹೊಸೂರು ದಾಟಿದ ಮೇಲೆ ಆ ಲೆಕ್ಕ ಬದಲಾಗುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ. ಮಾಮಿ ಕೆಟ್ಟವರಲ್ಲ. ಅವನನ್ನು ಕೂರಿಸಿ ಸಕ್ಕರೆ ಪೊಂಗಲ್ ಕೊಟ್ಟರು. ಅವನು ಪೊಂಗಲ್ ತಿಂದು, ಪ್ಯಾಕೆಟ್ಟನ್ನು ಪಂಚೆಯ ಮಡಿಕೆಯಲ್ಲಿ ಅವಿತಿಟ್ಟುಕೊಂಡು ಕೆಳಗಿಳಿದ.

ನಿಜವಾದ ಪೆಟ್ಟು ಬಿದ್ದದ್ದು ಸಂಜೆ. ರಮಾಬಾಯಿ ರೇಷ್ಮೆ ಸೀರೆಯುಟ್ಟು, ತಟ್ಟೆಯಲ್ಲಿ ಕಬ್ಬಿನ ತುಂಡು, ಬಾಳೆಹಣ್ಣು ಇಟ್ಟುಕೊಂಡು ಎಳ್ಳು ಬೀರಲು ಬಂದರು. ಅಂಬುಜಾ ತಟ್ಟೆಯಿಂದ ಎತ್ತಿಕೊಂಡ ಪ್ಯಾಕೆಟ್ಟಿನ ಮೇಲೆ ಸೊಟ್ಟಗೆ ಬರೆದಿತ್ತು: ಊರಿನ ರುಚಿ, ಮಾಂಬಲಂ ಶುಚಿ.

"ಇದು... ನಮ್ಮದೇ?" ಎಂದ ಭೋಜರಾಜ.

"ನಿಮ್ಮದೇ ಇರ್ಬೇಕು. ನಾನು ತಗೊಂಡಿದ್ದನ್ನ ಬೆಳಿಗ್ಗೆಯೇ ಒಬ್ಬರಿಗೆ ಕೊಟ್ಟೆ. ಇದು ಇನ್ಯಾರೋ ನನಗೆ ಕೊಟ್ಟಿದ್ದು" ಎಂದು ರಮಾಬಾಯಿ ನಕ್ಕರು. "ಒಂದು ಕಡೆ ಬಂದದ್ದನ್ನ ಇನ್ನೊಂದು ಕಡೆ ಕೊಡೋದು. ಅದಕ್ಕೆ ಅಲ್ವೇ ಒಂದು ಸಾಕು ಅಂದದ್ದು?"

ಅವರ ಹಿಂದೆ ಬಂದವರ ತಟ್ಟೆಯಲ್ಲೂ ಅದೇ ಲೇಬಲ್ಲು. ಅದರ ಹಿಂದಿನವರದೂ ಅದೇ. ಕತ್ತಲಾಗುವ ಹೊತ್ತಿಗೆ, ಮಾರದೆ ಉಳಿದದ್ದು ಹಿಂದಿನ ಕೋಣೆಯಲ್ಲಿ, ಮಾರಿದ್ದು ಮುಂದಿನ ಕೋಣೆಯಲ್ಲಿ ಎನ್ನುವ ಹಾಗಾಯಿತು. ಒಂದೇ ಪ್ಯಾಕೆಟ್ಟು ಹತ್ತು ಮನೆ ಸುತ್ತಿದರೆ ಹತ್ತು ಮನೆಗೂ ಎಳ್ಳು ಬೀರಿದ ಹಾಗೇ ಎಂಬುದನ್ನು ಭೋಜರಾಜನ ಗುಣಾಕಾರ ಹಿಡಿದಿರಲಿಲ್ಲ. ವಿಚಿತ್ರವೇನೆಂದರೆ, ಮದುವೆಯಾದಾಗಿನಿಂದ ಪ್ರತಿ ಸಂಕ್ರಾಂತಿಗೂ ಅಂಬುಜಾಳನ್ನು ಸ್ಕೂಟರಿನಲ್ಲಿ ಮನೆಮನೆಗೆ ಕರೆದೊಯ್ದವನು ಇವನೇ. ಈ ಮನೆಯಲ್ಲಿ ಇಸಿದುಕೊಂಡದ್ದನ್ನು ಅವಳು ಮುಂದಿನ ಮನೆಯಲ್ಲಿ ಕೊಡುವುದನ್ನು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಗೇಟಿನಲ್ಲಿ ನಿಂತು ನೋಡಿದ್ದವನೂ ಇವನೇ. ಹೆಲ್ಮೆಟ್ಟಿನೊಳಗೆ ಏನಿತ್ತೋ ದೇವರೇ ಬಲ್ಲ.

"ನನ್ನ ತಲೆಯನ್ನ ಮ್ಯೂಸಿಯಮ್ಮಿಗೆ ಕೊಡಬೇಕು, ಅಂಬುಜಾ" ಎಂದ.

ಒಳ್ಳೆಯ ಮಾತಾಡಬೇಕಾದ ಹಬ್ಬವೆಂದೋ ಏನೋ, ಅಂಬುಜಾ ಬೈಯದೆ ಎದ್ದು ಒಳಗೆ ಹೋದಳು.

ಅವಳು ಬೈದಿದ್ದರೆ ಚೆನ್ನಾಗಿತ್ತು. ಮುಂದಿನ ದಿನಗಳಲ್ಲಿ ಕೌಂಟರಿಗೆ ಬೇಕಾದ ಕೋಡುಬಳೆ ಅವಳು ಕರಿಯುತ್ತಿದ್ದಳು, ಊಟ ಬಡಿಸುತ್ತಿದ್ದಳು, ಆದರೆ ಹಿಂದಿನ ಕೋಣೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆ ರಾಶಿ ನಿನ್ನದು, ನೀನೇ ನೋಡಿಕೋ ಎಂದು ಹೇಳಿದಂತಿತ್ತು. ಭೋಜರಾಜ ನೋಡಿಕೊಂಡ. ಒಂದು ಕೊಂಡರೆ ಒಂದು ಉಚಿತ ಎಂದು ಬೋರ್ಡು ಹಾಕಿದ. ಹಬ್ಬ ಕಳೆದ ಮೇಲೆ ಎಳ್ಳುಬೆಲ್ಲಕ್ಕೆ ಯಾರು ಬರುತ್ತಾರೆ, ಅದೂ ಎರಡು ಪ್ಯಾಕೆಟ್ಟು ಹೊರಲು? ಆಮೇಲೆ ಬೇರೆ ಬೇರೆ ಮಾಡಿದರೆ ಅಡುಗೆಗಾದರೂ ಆದೀತೆಂದು ಒಂದು ಮಧ್ಯಾಹ್ನ ಜರಡಿ ಹಿಡಿದು ಕೂತ. ಎಳ್ಳೇನೋ ಕೆಳಗಿಳಿಯಿತು. ಬೆಲ್ಲದ ಚೂರಿಗೆ ಅಂಟಿದ್ದು ಇಳಿಯಲಿಲ್ಲ. ಅರ್ಧ ಎಳ್ಳು ನೆಲಕ್ಕೆ ಚೆಲ್ಲಿತು, ಅದನ್ನು ಟೆರೇಸಿನ ಅಳಿಲುಗಳಿಗೆ ಹಾಕಿ ಬಂದ. ಆ ಓಣಿಯಲ್ಲಿ ಅವನ ವ್ಯಾಪಾರವನ್ನು ಪೂರ್ತಿ ಮೆಚ್ಚಿದವು ಆ ಅಳಿಲುಗಳೇ.

ವಾರಾಂತ್ಯಕ್ಕೆ ಬಂದ ಭಾವನಾ ಪೆಟ್ಟಿಗೆಗಳನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. ವೇಲಚೇರಿಯಲ್ಲಿ ಗೆಳತಿಯರೊಂದಿಗೆ ಇದ್ದುಕೊಂಡು ಐಟಿ ಕಂಪನಿಯಲ್ಲಿ ದುಡಿಯುವ ಹುಡುಗಿ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಬೇರೆ.

"ಅಪ್ಪಾ, ಸೀರಿಯಸ್ಸಾ ಕೇಕ್ಕರೇನ್. ಮಾರ್ಕೆಟ್ ಸರ್ವೇ ಏನಾದ್ರೂ ಪಣ್ಣಿನೀಂಗಳಾ?" ಸರ್ವೇ ಏನಾದರೂ ಮಾಡಿದಿರಾ ಎಂದು ನಿಜವಾಗಿಯೇ ಕೇಳುತ್ತಿದ್ದಳು.

"ಮಾಡ್ದೆ, ಮಗಳೇ. ನನ್ನೊಬ್ಬನನ್ನೇ ಕೇಳಿದೆ. ನಾನು ಒಪ್ಪಿಕೊಂಡೆ" ಎಂದ ಭೋಜರಾಜ.

ಭಾವನಾ ನಕ್ಕಳು. ಅಡುಗೆಮನೆಯಿಂದ ನಗು ಬರಲಿಲ್ಲ.

ಅಷ್ಟರಲ್ಲಿ ಚೆನ್ನೈ ತನ್ನ ಕೆಲಸ ಶುರು ಮಾಡಿತ್ತು. ಸಮುದ್ರದ ಕಡೆಯ ಗಾಳಿಗೆ ಬೆಲ್ಲ ಬೆವರತೊಡಗಿತು. ಒಂದು ಪ್ಯಾಕೆಟ್ಟು ಒಡೆದು ನೋಡಿದರೆ ಉದುರುದುರಾಗಿದ್ದ ಎಳ್ಳುಬೆಲ್ಲ ಹೆಂಟೆಕಟ್ಟಿತ್ತು. ಇನ್ನು ಸ್ವಲ್ಪ ದಿನಕ್ಕೆ ಕೊಬ್ಬರಿ ಕಮಟು ಹಿಡಿಯುತ್ತದೆ. ಆಮೇಲೆ ಅದಕ್ಕೆ ಒಂದೇ ದಾರಿ, ಓಣಿಗೆ ದಿನಾ ಬೆಳಿಗ್ಗೆ ಬರುವ ಕಸದ ಬ್ಯಾಟರಿ ಗಾಡಿ.

ಭೋಜರಾಜನಿಗೆ ನಿಜವಾಗಿಯೂ ಹೆದರಿಕೆಯಾಯಿತು. ಅಂಗಡಿ ಹೋದರೆ ಅವನಿಗೇನು, ಪೆನ್ಷನ್ ಇತ್ತು. ಆದರೆ ಓಣಿಯ ಆಚೆ ನಿಂತು ತನ್ನ ಹೆಸರು ಓದಿಕೊಂಡ ಹೆಂಗಸು ತಾನೇ ಆ ಬೋರ್ಡು ಇಳಿಸು ಎನ್ನುವಂತಾದರೆ, ಅದಕ್ಕೆ ತಾನೇ ಕಾರಣನಾದರೆ, ಅದನ್ನು ಯಾವ ತಮಾಷೆಯಿಂದ ಮುಚ್ಚುವುದು? ಅವಳ ಬ್ಯಾಂಡೇಜಿನ ಕೈ ಕಂಡಾಗಲೆಲ್ಲ ಅವನಿಗೆ ನಾಚಿಕೆಯಾಗುತ್ತಿತ್ತು. ತನ್ನನ್ನು ತಾನು ಬೈದುಕೊಳ್ಳುವುದಕ್ಕೂ ನಾಚಿಕೆಪಡುವುದಕ್ಕೂ ಇಷ್ಟು ದೂರವಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅಂಬುಜಾ ದೇವಸ್ಥಾನಕ್ಕೆ ಹೋಗಿದ್ದಳು. ಗಾಡಿ ಓಣಿಯೊಳಗೆ ಬರುವ ಸದ್ದು ಕೇಳಿಸಿತು. ಭೋಜರಾಜ ಒಂದು ಪೆಟ್ಟಿಗೆ ಎತ್ತಿಕೊಂಡು ಗೇಟಿಗೆ ಬಂದ. ಇವತ್ತು ಒಂದು, ನಾಳೆ ಒಂದು, ಹೀಗೆ ಸಾಗಿಸಿದರೆ ಯಾರಿಗೂ ತಿಳಿಯುವುದಿಲ್ಲ. ಎಲ್ಲ ಮಾರಿ ಹೋಯಿತು ಎಂದರಾಯಿತು. ಅವನು ಪೆಟ್ಟಿಗೆಯನ್ನು ಗಾಡಿಯ ಅಂಚಿನ ಮೇಲೆ ಇಟ್ಟ. ಕೈ ಮಾತ್ರ ಬಿಡಲಿಲ್ಲ. ಒಂದೊಂದು ಕೊಬ್ಬರಿ ಚೂರನ್ನೂ ಅವಳು ಒಂದೇ ಅಳತೆಗೆ ಹೆಚ್ಚಿದ್ದು ಕಣ್ಣಿಗೆ ಕಟ್ಟಿತು. ಗಾಡಿಯ ಹೆಂಗಸು ಕಾದಳು.

"ಪೋಡ್ರೀಂಗಳಾ, ಇಲ್ಲಿಯಾ ಸಾರ್?" ಹಾಕುತ್ತೀರೋ ಇಲ್ಲವೋ ಎಂದು ಕೊನೆಗೆ ಕೇಳಿಯೇ ಬಿಟ್ಟಳು.

"ಇಲ್ಲಮ್ಮಾ, ಇಲ್ಲ" ಎಂದು ಭೋಜರಾಜ ಪೆಟ್ಟಿಗೆಯನ್ನು ಮತ್ತೆ ಎದೆಗೆ ಅವಚಿಕೊಂಡ. ಗಾಡಿ ಮುಂದೆ ಹೋಯಿತು. ತಿರುಗಿದರೆ ಬುಟ್ಟಿ ಹಿಡಿದು ತರಕಾರಿಗೆ ಹೊರಟಿದ್ದ ವಿಮಲಾ ಮಾಮಿ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ನೋಡುತ್ತಿದ್ದರು.

"ಎನ್ನ ಸಾರ್ ಅದು, ಎಳ್ಳಾ? ಇನ್ನೂ ಇರುಕ್ಕಾ?"

ಅವನಿಗೆ ಎಲ್ಲಿತ್ತೋ ಸಿಟ್ಟು ಬಂತು. "ಇದೆ ಮಾಮಿ, ನಿಮಗ್ಯಾರಿಗೂ ಬೇಡವಲ್ಲ! ಕೈಯಲ್ಲಿ ಕೊಟ್ರೆ ತಗೊಳ್ಳಲ್ಲ. ಮತ್ತೆ ಏನು ಮಾಡಿ ಕೊಟ್ರೆ ತಗೊಳ್ತೀರಿ, ಅದನ್ನಾದ್ರೂ ಹೇಳಿ!" ಎಂದು ತನ್ನ ಮುರುಕು ತಮಿಳಿನಲ್ಲಿ ಸಿಡುಕಿದ. ಕೇಳಿದ್ದು ಜಾಣತನದಿಂದಲ್ಲ, ಉರಿ ತಾಳಲಾರದೆ. ಆದರೂ ಕೇಳಿದ್ದ. ಅಂಗಡಿ ತೆರೆದ ಮೇಲೆ ಒಬ್ಬ ಗಿರಾಕಿಯನ್ನು ಹೇಗಿದ್ದರೆ ಬೇಕು ಎಂದು ಅವನು ಕೇಳಿದ್ದು ಅದೇ ಮೊದಲು.

ಮಾಮಿ ಬೇಜಾರು ಮಾಡಿಕೊಳ್ಳದೆ ಯೋಚಿಸಿದರು. "ಉರುಂಡೈ ಪಿಡಿಚ್ಚಾ ವಾಂಗಿಕ್ಕರೇನೇ" ಎಂದರು. ಉಂಡೆ ಕಟ್ಟಿದರೆ ತಗೊಳ್ತೀನಲ್ಲ.

"ಉಂಡೆಯಲ್ಲೂ ಇದೇ ಎಳ್ಳು ತಾನೇ, ಮಾಮಿ?"

"ಅದು ಎಳ್ಳಿಲ್ಲೆ ಸಾರ್, ಸ್ವೀಟ್" ಎಂದು ಮಾಮಿ, ಇಷ್ಟೂ ತಿಳಿಯದೇ ಎನ್ನುವ ಮುಖ ಮಾಡಿ, ತರಕಾರಿಗೆ ಹೋದರು.

ಅಂಬುಜಾ ದೇವಸ್ಥಾನದಿಂದ ಬಂದಾಗ ಭೋಜರಾಜ ಅಡುಗೆಮನೆಯ ಬಾಗಿಲಲ್ಲಿ ಹೆಂಟೆಕಟ್ಟಿದ ಪ್ಯಾಕೆಟ್ಟು ಹಿಡಿದು ನಿಂತಿದ್ದ. ಗಾಡಿಯ ತನಕ ಹೋಗಿ ಬಂದದ್ದನ್ನು ಒಂದೂ ಬಿಡದೆ ಹೇಳಿದ. ತಮಾಷೆ ಸೇರಿಸಲಿಲ್ಲ. ಮಾಮಿಯ ಮಾತನ್ನೂ ಹೇಳಿದ. ಅಂಬುಜಾ ಒಂದು ಚೂರು ಕೊಬ್ಬರಿ ಬಾಯಿಗೆ ಹಾಕಿಕೊಂಡು ಅಗಿದಳು, ಹೆಂಟೆಯನ್ನು ಬೆರಳಲ್ಲಿ ಒತ್ತಿದಳು.

"ಕೆಟ್ಟಿಲ್ಲ" ಎಂದಳು. "ನಾಗರಪಂಚಮಿಗೆ ಚಿಗಳಿ ಉಂಡೆ ಮಾಡ್ತೀವಲ್ಲ, ಹಾಗೇ ಆಗುತ್ತೆ. ಒಂದು ಬಿಸಿಲು ಕಾಣಿಸಿ, ಮಿಕ್ಸಿಯಲ್ಲಿ ತರಿಯಾಗಿ ತಿರುವಿದ್ರೆ ಎಳ್ಳೇ ಎಣ್ಣೆ ಬಿಡುತ್ತೆ, ಬೆಲ್ಲ ಹಿಡ್ಕೊಳ್ಳುತ್ತೆ."

"ಹಾಗಾದ್ರೆ ಇವತ್ತೇ..."

"ನನ್ನ ಕೈ ನೋಯ್ತಾ ಇದೆ" ಎಂದು ಅಂಬುಜಾ ಬ್ಯಾಂಡೇಜು ತೋರಿಸಿದಳು. "ಕಟ್ಟೋರು ನೀವು."

ಭೋಜರಾಜ ಅಂಗಿಯ ತೋಳು ಮಡಿಸಿದ. ಮೊದಲ ಉಂಡೆ ನಿಂಬೆಹಣ್ಣಿನಷ್ಟಾಯಿತು, ಎರಡನೆಯದು ಗೋಲಿಯಷ್ಟು, ಮೂರನೆಯದು ಕೈಯಲ್ಲೇ ಪುಡಿಯಾಯಿತು. ಅಂಬುಜಾ ಸ್ಟೂಲಿನ ಮೇಲೆ ಕೂತು "ಇನ್ನೂ ಒತ್ತಿ... ಅಷ್ಟೊಂದಲ್ಲ, ಅದೇನು ಪೈಲ್ವಾನರ ಕುಸ್ತಿಯಾ?" ಎನ್ನುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವನ ಅಂಗೈ ಎಣ್ಣೆಯಿಂದ ಮಿರಮಿರ ಮಿಂಚಿತು, ಬೆನ್ನು ಸೆಟೆದುಕೊಂಡಿತು. ಒಂದು ತಟ್ಟೆ ತುಂಬಿತ್ತು ಅಷ್ಟೆ. ಹಿಂದಿನ ಕೋಣೆಯ ರಾಶಿ ಹಾಗೇ ಇತ್ತು. ಇಷ್ಟೆಲ್ಲವನ್ನೂ ಅವಳೊಬ್ಬಳೇ ಹೆಚ್ಚಿದ್ದಳು ಎಂಬುದು ಅವನ ತಲೆಗಲ್ಲ, ಸೊಂಟಕ್ಕೆ ತಿಳಿಯಿತು.

ಉಂಡೆಯ ತಟ್ಟೆ ಮೇಲಿನ ಮನೆಗೆ ಹೋಯಿತು. ಈ ಸಲ ಮಾಮಿ ಹಿಂದೆ ಸರಿಯಲಿಲ್ಲ. ಕೈ ಚಾಚಿ ಒಂದು ತೆಗೆದುಕೊಂಡರು, ಬಾಗಿಲಲ್ಲೇ ತಿಂದರು, ಇನ್ನೊಂದು ತೆಗೆದುಕೊಂಡರು. ಹಬ್ಬದ ದಿನ ತರ್ಪಣದ ಎಳ್ಳು ಬೆರಳಿಗೆ ಅಂಟಿಸಿಕೊಂಡು ಕೂತಿದ್ದ ಮಾಮಾ ಒಳಗಿನಿಂದಲೇ ಕೂಗಿ, ತಮಗೂ ಬೇಕೆಂದರು.

ಇಷ್ಟಾದ ಮೇಲೆ ಹಳೆಯ ಭೋಜರಾಜನಾಗಿದ್ದರೆ ಎಲ್ಲವನ್ನೂ ಒಂದೇ ದಿನಕ್ಕೆ ಉಂಡೆ ಕಟ್ಟಿ ಇನ್ನೊಂದು ರಾಶಿ ಹಾಕುತ್ತಿದ್ದ. ಕಟ್ಟಲು ಹೊರಟದ್ದೂ ನಿಜ. ಬೆನ್ನು ಒಪ್ಪಲಿಲ್ಲ. ಅದರಿಂದ ದಿನಕ್ಕೆ ಆದಷ್ಟೇ ಕಟ್ಟುವುದು, ಕಟ್ಟಿದ್ದು ಹೋದ ಮೇಲೆ ಮುಂದಿನ ಪೆಟ್ಟಿಗೆ ಒಡೆಯುವುದು ಎಂದಾಯಿತು. ಸ್ಟೇಷನ್ನಿನ ಹೊರಗಿನ ಟೀ ಅಂಗಡಿಗೆ ಹೋಗಿ, ನಿಮ್ಮಲ್ಲಿಟ್ಟರೆ ಹೋಗುತ್ತದೆಯೇ ಎಂದು ಕೇಳಿದ. ಚಿಕ್ಕದು ಮಾಡಿ, ಒಂದು ಟೀ ಜೊತೆ ಒಂದು ತಿನ್ನುವಷ್ಟು, ಎಂದ ಅಂಗಡಿಯವನು. ಚಿಕ್ಕದು ಮಾಡಿದ. ಭಾವನಾ ಆಫೀಸಿಗೆ ಒಂದು ಡಬ್ಬಿ ಒಯ್ದಳು. ಅಲ್ಲಿ ಅದಕ್ಕೆ ಎನರ್ಜಿ ಬಾಲ್ ಎಂದು ನಾಮಕರಣವಾಯಿತು. "ಅಪ್ಪಾ, ವೆಲ್ಲಂ ದಾನೇ? ಶುಗರ್ ಇಲ್ಲೈಯೇ? ಎಲ್ಲಾರುಂ ಕೇಕ್ಕರಾಂಗ" ಎಂದು, ಎಲ್ಲರೂ ಕೇಳುತ್ತಿದ್ದಾರೆಂದು, ಫೋನು ಮಾಡಿದಳು. ಬೆಲ್ಲವೇ, ಮಗಳೇ, ಸಕ್ಕರೆ ಇಲ್ಲ ಎಂದು ಹೇಳುವಾಗ ಭೋಜರಾಜ ಪೆಟ್ಟಿಗೆಯಲ್ಲಿ ಉಳಿದಿದ್ದ ಸಕ್ಕರೆ ಅಚ್ಚುಗಳ ಕಡೆ ನೋಡಿದ. ಆನೆ, ಗಿಳಿ, ಹಸುಗಳು ಅವನನ್ನೇ ನೋಡುತ್ತಿದ್ದವು.

ಅವುಗಳಿಗೆ ಏನು ಮಾಡುವುದೆಂದು ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಕೌಂಟರಿಗೆ ಬಂದ ರಮಾಬಾಯಿಯನ್ನೇ ಕೇಳಿದ.

"ಕಾಫಿಗೆ ಹಾಕಿ, ಭೋಜರಾಜ್ರೇ. ಸಕ್ಕರೆ ತಾನೇ?" ಎಂದರು ರಮಾಬಾಯಿ.

ಅಂದಿನಿಂದ ಅಂಗಡಿಗೆ ಬಂದವರಿಗೆಲ್ಲ ಒಂದು ಪುಟ್ಟ ಲೋಟ ಕಾಫಿ, ಜೊತೆಗೆ ಒಂದು ಸಕ್ಕರೆ ಪ್ರಾಣಿ. ಸ್ಕೂಲು ಬಿಟ್ಟು ಅಜ್ಜಿಯ ಜೊತೆ ಬರುವ ಮಕ್ಕಳು ಇವತ್ತು ಆನೆಯೋ ಗಿಳಿಯೋ ಎಂದು ಜಗಳವಾಡುತ್ತಿದ್ದವು. ಅಜ್ಜಿಯರು ಆ ಗಡಿಬಿಡಿಯಲ್ಲಿ ಚಟ್ನಿ ಪುಡಿ ಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆಯ ಭಯದಿಂದ ಭೋಜರಾಜ ಮಾತ್ರ ತನ್ನ ಕಾಫಿಯನ್ನು ಕಹಿಯಾಗಿ ಕುಡಿದ. ಅದೂ ನ್ಯಾಯವೇ ಎಂದುಕೊಂಡ.

ಹೀಗೆ ಹಿಂದಿನ ಕೋಣೆಯ ಕಿಟಕಿ ಮೇಲಿನಿಂದ ಸ್ವಲ್ಪಸ್ವಲ್ಪವಾಗಿ ಕಾಣತೊಡಗಿತು. ಮೊದಲು ಬೆಳಕು ಬಂತು, ಆಮೇಲೆ ಎದುರು ಮನೆಯ ನುಗ್ಗೆಮರ ಕಂಡಿತು. ಅಂಬುಜಾಳ ಕೈಯ ಬ್ಯಾಂಡೇಜು ಹೋಯಿತು. ಅವಳು ಯಾವಾಗ ಸ್ಟೂಲಿನಿಂದ ಇಳಿದು ಅವನ ಪಕ್ಕ ಕೂತು ಉಂಡೆ ಕಟ್ಟತೊಡಗಿದಳೋ ಅವನಿಗೆ ನೆನಪಿಲ್ಲ. ಅವಳು ಕಟ್ಟಿದ್ದು ದುಂಡಗಿರುತ್ತಿತ್ತು, ಅವನು ಕಟ್ಟಿದ್ದು ಸೊಟ್ಟಗಿದ್ದು, ಅಂಬುಜಾ ತಿಂಡಿ ಮನೆಯದೆಂದು ದೂರದಿಂದಲೇ ಗುರುತು ಸಿಗುತ್ತಿತ್ತು.

ಕೊನೆಯ ಪೆಟ್ಟಿಗೆ ಮುಗಿದ ಸಂಜೆ ಅಂಬುಜಾ ಖಾಲಿ ಕೋಣೆಯನ್ನು ಗುಡಿಸಿದಳು. ಮೂಲೆಯಲ್ಲಿ ಸಿಕ್ಕ ಒಂದು ಹಿಡಿ ಎಳ್ಳನ್ನು ಅಳಿಲುಗಳಿಗೆಂದು ಎತ್ತಿಟ್ಟಳು. ಭೋಜರಾಜ ಬಾಗಿಲಲ್ಲಿ ನಿಂತಿದ್ದ. ಶಿವರಾತ್ರಿ ಬರುತ್ತಿತ್ತು, ಆಮೇಲೆ ಯುಗಾದಿ. ಅವನ ತಲೆಯೊಳಗೆ ಆಗಲೇ ಒಂದು ಗುಣಾಕಾರ ಎದ್ದು ಮೈಮುರಿಯುತ್ತಿತ್ತು: ಒಬ್ಬಟ್ಟು, ಮನೆಗೆ ಇಷ್ಟು, ಮನೆಗಳು ಇಷ್ಟು. ಬಾಯಿ ತೆರೆದ. ಅಂಬುಜಾ ಪೊರಕೆ ಹಿಡಿದುಕೊಂಡೇ ಅವನ ಕಡೆ ನೋಡಿದಳು, ಅವನು ಏನು ಹೇಳುತ್ತಾನೆಂದು ಗೊತ್ತಿರುವವಳ ಹಾಗೆ.

"ನಾಳೆ ಏನು ಮಾಡ್ತೀಯ, ಅಂಬುಜಾ?" ಎಂದ. ಸ್ವಲ್ಪ ತಡೆದು, "ಎಷ್ಟು ಮಾಡ್ಬೇಕು ಅನ್ಸುತ್ತೆ ನಿನಗೆ?" ಎಂದು ಕೇಳಿದ.

ಅಂಬುಜಾ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಅವನ ಮುಖವನ್ನೇ ನೋಡಿದಳು, ಬೋರ್ಡನ್ನು ಓದಿದ ದಿನದ ಹಾಗೆ.

"ಈ ಒಂದು ಮಾತು ಕೇಳೋಕೆ ನಿಮಗೆ ಇಷ್ಟು ಎಳ್ಳು ಬೇಕಾಯ್ತಲ್ರೀ" ಎಂದಳು.

ಭೋಜರಾಜನ ನಾಲಗೆಯ ತುದಿಗೆ ಒಂದು ತಮಾಷೆ ಬಂತು. ಚೆನ್ನಾಗಿಯೇ ಇತ್ತು, ಆದರೆ ನುಂಗಿಕೊಂಡ. ಅಂಬುಜಾ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು, ಅವನು ಹಿಂದೆಯೇ ಹೋಗಿ ಸ್ಟೂಲಿನ ಮೇಲೆ ಕೂತ.